ಯಾವ ಸ್ಕ್ರೂವಿಗೆ ಗೋಡೆ ಬಿತ್ತು?

ಮನೆಯಿಂದ,
ಮಂಗಳವಾರ, ೧೪ನೇ ತಾರೀಕು

ಮುದ್ದು ಮೊಮ್ಮಗಳೇ,

ಕೆಮ್ಮು ಹೋಯಿತೇ? ತಣ್ಣೀರಲ್ಲಿ ತಲೆಗೆ ಹಾಕಿಕೊಂಡು ಒದ್ದೆ ಕೂದಲಲ್ಲೇ ಕ್ಲಾಸಿಗೆ ಓಡಬೇಡ. ತರ್ಕ ಓದುವವರಿಗೂ ನೆಗಡಿ ಬರುತ್ತದೆ. ನನ್ನ ಮಂಡಿ ಮೊದಲಿನಂತೆಯೇ ಇದೆ, ಮನಸ್ಸು ಮಾತ್ರ ಕುಣಿಯುತ್ತಿದೆ. ಯಾಕೆಂದು ಹೇಳುತ್ತೇನೆ, ಕೂತು ಓದು.

ನೀನು ಮಕ್ಕಳಿಗೆ ಪಾಠ ಹೇಳಲೆಂದು ನಿನ್ನ ಅಜ್ಜ ಬಿಟ್ಟುಹೋದ ಕೋಣೆಗೂ ನಿನ್ನ ಚಿಕ್ಕಜ್ಜನ ಬಡಗಿ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ನೀನು ಹೋದ ಮೇಲೆ ಅದಕ್ಕೆ ಕಾಲು ಬಂತು. ನಿನ್ನ ಚಿಕ್ಕಜ್ಜ ಅದನ್ನು ನಮ್ಮ ಕಡೆಗೆ ಸರಿಸುತ್ತಿದ್ದ, ಪ್ರತಿ ಸಲ ಒಂದೇ ಅಂಗುಲ. "ಒಂದು ಅಂಗುಲ ಹೋದ್ರೆ ಕೋಣೆ ಕೋಣೆಯಾಗಿ ಉಳಿಯಲ್ವಾ ಅತ್ತಿಗೆ?" ಎಂದು ಹಲ್ಲು ಕಿರಿಯುತ್ತಿದ್ದ. ಉಳಿಯುತ್ತಿತ್ತು. ಹಾಗೆ ಉಳಿದು ಉಳಿದು, ಕೊನೆಗೆ ಮಕ್ಕಳಿಗೆ ಒಂದು ಬೆಂಚು ಹಾಕಲೂ ಜಾಗವಿಲ್ಲದಾಯಿತು. ಕೋಣೆ ಹೋಗಿ ಓಣಿಯಾಯಿತು. ಯಾವತ್ತು ಓಣಿಯಾಯಿತು ಎಂದು ಕೇಳಿದರೆ ಹೇಳಲು ನನಗೆ ಬಾರದು.

ಆಗ ನೀನು ರಜೆಯಲ್ಲಿ ಅಂಗಿ ಗುಂಡಿಗಳನ್ನು ಸುರಿದು ಹೇಳಿಕೊಟ್ಟ ರಾಶಿಯ ಒಗಟು ನೆನಪಾಯಿತು. ಒಂದು ತೆಗೆದರೂ ರಾಶಿಯೇ, ಇನ್ನೊಂದು ತೆಗೆದರೂ ರಾಶಿಯೇ. ಹಾಗಾದರೆ ಕೊನೆಗುಳಿದ ಒಂದೇ ಗುಂಡಿಯೂ ರಾಶಿಯೇ ಎಂದು ನೀನು ಕೇಳಿದ್ದೆ. ಓದಿದವರಿಗೆ ಬೇರೆ ಕೆಲಸವಿಲ್ಲ ಎಂದು ನಾನು ಬೈದಿದ್ದೆ. ಆ ಬೈಗುಳ ವಾಪಸ್ ತೆಗೆದುಕೊಂಡೆ. ನೀನು ಹೇಳಿದ ಇನ್ನೊಂದು, ತಾನು ಹೇಳುವುದೇ ಸುಳ್ಳು ಅನ್ನುವವನ ಮಾತು ನಿಜವೋ ಸುಳ್ಳೋ ಎಂಬ ಸುಳ್ಳುಗಾರನ ಒಗಟು ಮಾತ್ರ ಇವನಿಗೆ ತಗಲುವುದಿಲ್ಲ ಕಣೇ. 'ನಾನು ಹೇಳ್ತಿರೋದು ಸುಳ್ಳು' ಎನ್ನುವಷ್ಟು ಪ್ರಾಮಾಣಿಕತೆ ಇವನಿಗೆ ಎಲ್ಲಿಂದ ಬರಬೇಕು?

ಗಿರಾಕಿಗಳು ಇದ್ದಾಗಲೇ ಅವನ ಅಂಗಡಿಗೆ ಹೋಗಿ, "ನನ್ನ ಸ್ಟೂಲಿಗೆ ಬೇಕು, ಈ ಗೋಡೆಯಿಂದ ಒಂದು ಸ್ಕ್ರೂ ತೆಗೀಲೇನಪ್ಪಾ?" ಎನ್ನುತ್ತಿದ್ದೆ. ಡಬ್ಬಿಯ ಹೊಸ ಸ್ಕ್ರೂ ಕೊಡಬೇಕೆಂದರೆ ಆ ಜಿಪುಣನಿಗೆ ಕರುಳು ಕಿತ್ತು ಬರುತ್ತದೆ. "ತಗೊಳ್ಳಿ ಅತ್ತಿಗೆ, ಒಂದು ಸ್ಕ್ರೂ ಹೋದ್ರೆ ಗೋಡೆ ಬಿದ್ದುಹೋಗುತ್ತಾ?" ಬೀಳಲಿಲ್ಲ. ಆಮೇಲೆ ಮಂಚಕ್ಕೆ ಕೇಳಿದೆ, ಪೆಟ್ಟಿಗೆಗೆ ಕೇಳಿದೆ. ಪ್ರತಿ ಸಲವೂ ಅವನ ಬಾಯಲ್ಲೇ ಆ ಮಾತು ಆಡಿಸಿದೆ.

ನಿನ್ನೆ ಬಿತ್ತು. ಗಾಬರಿಯಾಗಬೇಡ, ಯಾರಿಗೂ ಏನೂ ಆಗಲಿಲ್ಲ. ಅವನು ಅಂಗಡಿ ಬಾಗಿಲನ್ನು ಜೋರಾಗಿ ಎಳೆದ, ಅಷ್ಟೆ. ಬಿದ್ದದ್ದು ಆಗತಾನೇ ವಾರ್ನಿಷ್ ಹಚ್ಚಿದ ಕಪಾಟಿನ ಮೇಲೆ, ಅದನ್ನು ಕೊಳ್ಳಲು ಬಂದವರ ಕಣ್ಣೆದುರೇ. "ನೀವೇ ಬೀಳಿಸಿದ್ದು!" ಎಂದು ಹಾರಾಡಿದ. "ಯಾವ ಸ್ಕ್ರೂ ತೆಗೆದಿದ್ದಕ್ಕೆ ಬಿತ್ತು ತೋರಿಸಪ್ಪಾ, ಅದೊಂದನ್ನ ವಾಪಸ್ ಕೊಡ್ತೀನಿ" ಎಂದೆ. ಬಂದವರು ನಗು ತಡೆಯಲಾರದೆ ಹೊರಗೆ ಹೋದರು. ಇವನು ಬಗ್ಗಿ ಹಲಗೆಯ ತೂತುಗಳನ್ನು ಎಣಿಸತೊಡಗಿದ. ಆ ಮುಖ ನೋಡಿ ಹೊಟ್ಟೆ ತಣ್ಣಗಾಯಿತು; ಪಾಪ ಅನ್ನಿಸಲೇ ಇಲ್ಲ. ನೆಲದಲ್ಲಿ ಗೋಡೆ ಮೊದಲು ಇದ್ದ ಜಾಗದ ಗುರುತು ಇನ್ನೂ ಇದೆಯಲ್ಲ, ಅಲ್ಲಿಗೇ ಹಲಗೆಗಳನ್ನು ಅವನ ಕೈಯಿಂದಲೇ ನಿಲ್ಲಿಸಿದೆ. ಮುಗಿಯುವವರೆಗೂ ಎದುರಿಗೇ ಕೂತಿದ್ದೆ.

ತಲೆ ಹೀಗೇ ಚುರುಕಾಗಿರಲಿ, ಹೊಟ್ಟೆ ತುಂಬ ಉಣ್ಣು, ನೂರು ಕಾಲ ಬಾಳು.

ನಿನ್ನ
ಅಜ್ಜಿ

ತಾ.ಕ.: ಅವಸರದಲ್ಲಿ ಗೀಚುತ್ತಿದ್ದೇನೆ. ಭಾನುವಾರ ಮರ ಕೊಳ್ಳಲು ಅವನು ನೀನಿರುವ ಊರಿಗೆ ಬರುತ್ತಾನಂತೆ, ನಿನ್ನನ್ನೂ ನೋಡುತ್ತಾನಂತೆ. ಕಣ್ಣೊರೆಸಿಕೊಂಡು, "ಬರೀ ಒಂದು ಬಾಗಿಲನ್ನ ಮನೇಲಿರೋ ನಿನ್ನ ಪಾಠದ ಕೋಣೆಯಲ್ಲಿ ಒರಗಿಸಿಡ್ಲಾ ಪುಟ್ಟಾ, ವಾರ್ನಿಷ್ ಒಣಗೋವರೆಗೆ" ಎನ್ನುತ್ತಾನೆ. ನೀನು ಕರಗುವವಳು. ಆಗಲ್ಲ ಅನ್ನು. ಯಾಕೆಂದು ಕೇಳಿದರೆ ಕಾರಣ ಹೇಳಬೇಡ. ಹೇಳಿದರೆ ಆ ಕಾರಣದೊಳಗೇ ಜಾಗ ಮಾಡಿಕೊಳ್ಳುತ್ತಾನೆ.