ಕೇಳದೆ ಬಿಟ್ಟ ಪ್ರಶ್ನೆ

ಅಕ್ಕನಿಗೆ,

ನೀನು ನಿನ್ನೆ ಎದ್ದು ಕೂತು ಆಸ್ಪತ್ರೆಯ ಕಾಫಿಯನ್ನು ಬೈದೆ ಎಂದು ಭಾವ ಹೇಳಿದರು. ಹೋದ ಜೀವ ಬಂದಂತಾಯಿತು. ಈ ಲಕೋಟೆಯನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ನನ್ನ ಔಷಧಿ ಅಂಗಡಿಗೆ ಬಂದವರನ್ನೆಲ್ಲ ನಾನು ಕೇಳುತ್ತೇನೆ: ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ, ವಾಂತಿ ಭೇದಿ ಆಗಿದೆಯೇ, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ. ಅವತ್ತು ನೀನು ಕೆಮ್ಮುತ್ತಾ ಬಂದಾಗಲೂ ಕೇಳಲು ಹೊರಟಿದ್ದೆ. "ಸಾಕು ನಿಲ್ಲಿಸೋ, ನಿನ್ನ ಚಡ್ಡಿ ಒಗೆದವಳು ನಾನು, ನನಗೂ ವಿಚಾರಣೆಯಾ?" ಎಂದು ನೀನು ಗದರಿದೆ. ನಾನು ನಕ್ಕು, ಡಾಕ್ಟರ ಚೀಟಿಯೂ ಇಲ್ಲದೆ ಮಾತ್ರೆ ಕೊಟ್ಟುಬಿಟ್ಟೆ.

ಕಾಲಿನ ಊತಕ್ಕೆ ನೀನು ನುಂಗುವ ಮಾತ್ರೆ ಮೈಯ ಪೊಟ್ಯಾಸಿಯಂ ಇಳಿಸುತ್ತದೆಂದು ನನಗೆ ಗೊತ್ತಿತ್ತು. ಅದು ಇಳಿದಿರುವಾಗ ನಾನು ಕೊಟ್ಟ ಮಾತ್ರೆ ಎದೆಬಡಿತದ ತಾಳ ತಪ್ಪಿಸಬಹುದೆಂದೂ ಗೊತ್ತಿತ್ತು. ಮೂರು ದಿನ ಭೇದಿಯಾಗಿ ಅದು ಇನ್ನಷ್ಟು ಇಳಿದಿದ್ದು ಮಾತ್ರ ಗೊತ್ತಿರಲಿಲ್ಲ. ಕೇಳಿದ್ದರೆ ನೀನು ಹೇಳುತ್ತಿದ್ದೆ, ಎದೆಬಡಿತ ತಪ್ಪಿ ಹೀಗೆ ಆಸ್ಪತ್ರೆ ಸೇರುತ್ತಿರಲಿಲ್ಲ.

ಬೇರೇನೂ ನುಂಗಿಲ್ಲ ಎಂದು ನೀನು ಡಾಕ್ಟರಿಗೆ ಹೇಳಿದ್ದೀಯಂತೆ. ನನ್ನ ಲೈಸೆನ್ಸ್ ಉಳಿಯಲೆಂದು ಅಲ್ಲವೇ? ಬೇಡ ಅಕ್ಕ. ತಿಳಿಯದಿದ್ದರೆ ಅವರು ಇನ್ನೊಮ್ಮೆ ಅಂಥದೇ ಮಾತ್ರೆ ಬರೆದುಕೊಟ್ಟಾರು. ಲಕೋಟೆಯಲ್ಲಿ ಆ ಮಾತ್ರೆಯ ಹೆಸರು ಬರೆದು, ಅಂಗಡಿಯ ಮೊಹರು ಒತ್ತಿ, ಸಹಿ ಹಾಕಿದ ಚೀಟಿ ಇದೆ. ಅದನ್ನು ಅವರಿಗೆ ಕೊಡು. ಅಮ್ಮ ಆಗಾಗ ಎಚ್ಚರ ತಪ್ಪಿ ಬೀಳುತ್ತಿದ್ದುದನ್ನೂ ಹೇಳು; ಅದೂ ಎದೆಬಡಿತದ ತೊಂದರೆಯೇ ಇದ್ದೀತು, ನಿನಗೂ ಬಂದಿರಬಹುದು.

ಚಿಕ್ಕಂದಿನಲ್ಲಿ ನಾನು ಒಡೆದದ್ದಕ್ಕೆಲ್ಲ ನೀನೇ ಬೈಸಿಕೊಂಡೆ. ಈ ಸಲ ನನ್ನ ಹೆಸರು ಹೇಳು.

ನಿನ್ನ ತಮ್ಮ