ಒಗೆಯದ ಹಸಿರು ಸೀರೆ

ಖಾನಾಪುರ
೧೭ ಡಿಸೆಂಬರ್ ೨೦೦೦

ಸುಜಯಳ ಅಪ್ಪನವರಿಗೆ, ಕಾಂತಾ ಮಾಡುವ ನಮಸ್ಕಾರ.

ಮೈಯಲ್ಲಿ ಹುಷಾರಿದ್ದೀರಾ? ಗಡಿಯಲ್ಲಿ ಹಿಮ ಬೀಳುತ್ತಿದೆ ಎಂದು ಬರೆದಿದ್ದಿರಿ. ಕಳಿಸಿದ ಮಫ್ಲರ್ ಸುತ್ತಿಕೊಳ್ಳಿ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡಿ. ಇಲ್ಲಿ ಮಾವನವರ ಕೆಮ್ಮು ಇಳಿದಿದೆ, ಬೈಗುಳ ಇಳಿದಿಲ್ಲ.

ಈಗ ಸುದ್ದಿ ಕೇಳಿ. ನಿಮ್ಮ ಮಗಳು ಬೆಳಗಾವಿ ಕ್ಯಾಂಪಿನಲ್ಲಿ ನಡೆದ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆದಳು! ಕಣಕ ನಾದಿ ಎರಡು ಮೆದುಳು ಮಾಡಿದ್ದಳು, ಒಂದು ಕುರಿಯದು, ಇನ್ನೊಂದು ನಮ್ಮದು. ಎರಡರ ಒಳಗೂ ಕುಂಕುಮ ಕಲಸಿದ ಒಂದು ಉಂಡೆ. ಹೆದರಿಕೆ, ಮಮತೆ ಏಳುವ ಜಾಗ ಅದೇ ಅಂತೆ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ಪ್ರಾಣಿಗಳಲ್ಲಿ ಅದು ಬೆಳೆದಿತ್ತಂತೆ. ಯೋಚನೆ ಮಾಡುವ ಮೇಲ್ಭಾಗ ನಮ್ಮಲ್ಲಿ ಆಮೇಲೆ ದೊಡ್ಡದಾದದ್ದಂತೆ. ಮೂಗಿಗೆ ಬಡಿದ ವಾಸನೆ ಆ ಹಳೆಯ ಜಾಗಕ್ಕೇ ನೇರ ದಾರಿ ಹಿಡಿಯುತ್ತದಂತೆ. ಪರೀಕ್ಷಕರೊಬ್ಬರು, "ಕುರಿಗೂ ಮಮತೆ ಐತಿ ಅನ್ನಾಕ ಏನವಾ ಆಧಾರ?" ಎಂದು ಕೆಣಕಿದರು. ಇವಳು ಅಳುಕಲಿಲ್ಲ. ಮರಿ ಸತ್ತರೆ ಕುರಿ ಹೇಗೆ ಒದರಾಡುತ್ತದೆ, ಕುರಿ ಕಾಯುವ ತನ್ನ ಅಜ್ಜ ಆ ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಗೆ ಹೇಗೆ ಹೊದಿಸುತ್ತಾನೆ, ಕುರಿ ಅದನ್ನು ಮೂಸಿ ಹೇಗೆ ಮೊಲೆ ಕೊಡುತ್ತದೆ, ಎಲ್ಲ ಹೇಳಿದಳು. "ಆಮ್ಯಾಲ ತೊಗಲ ತಗದ್ರೂ ಅವೆರಡೂ ಬಿಟ್ಟಗಲಂಗಿಲ್ರೀ" ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನಮ್ಮ ಮನೆಯ ಕಥೆಯೇ ಕೇಳಿದಂತಾಯಿತು. ಲಕ್ಷ್ಮೀ ಅಕ್ಕ ತೀರಿಕೊಂಡು ನಾನು ನಿಮ್ಮ ಕೈ ಹಿಡಿದು ಬಂದಾಗ ಈ ಕೂಸು ನನ್ನನ್ನು ಕಂಡರೆ ಚಿಟ್ಟನೆ ಚೀರುತ್ತಿತ್ತು. ಅತ್ತೆಯವರು ಕುರಿಯ ವಿದ್ಯೆಯನ್ನೇ ನನ್ನ ಮೇಲೆ ನಡೆಸಿ, ಅಕ್ಕನ ಒಗೆಯದ ಹಸಿರು ಸೀರೆ ಉಡಿಸಿದರು. ಅದರ ಸೆರಗಿನಲ್ಲೇ ಇವಳು ನಿದ್ದೆ ಹೋದಳು. ಹೆತ್ತವಳು ಬೇರೆ ಎಂದು ತಿಳಿದರೆ ಮಗಳು ದೂರವಾದಾಳು ಎಂದು ನಾನು ಅಂಜಿದ್ದಕ್ಕೇ, ಹತ್ತನೇ ತರಗತಿ ಮುಗಿಯುವವರೆಗೆ ಹೇಳುವುದು ಬೇಡ ಎಂದಿರಿ. ಅಂಜಿಕೆ ಇದ್ದರೇನು, ಹೆಮ್ಮೆಗೇನು ಕಡಿಮೆ? ಬಸ್‌ಸ್ಟ್ಯಾಂಡಿನವರೆಗೂ ಬಹುಮಾನದ ಕಪ್ಪನ್ನು ನಾನೇ ಎತ್ತಿ ಹಿಡಿದು ನಡೆದೆ, ನೋಡಿದವರು ನೋಡಲಿ ಎಂದು.

ಮನೆಮಂದಿಯೆಲ್ಲ ನೆನೆಯುತ್ತಾರೆ. ಹೊಟ್ಟೆ ತುಂಬ ಉಣ್ಣಿ.

ನಿಮ್ಮ
ಕಾಂತಾ

ತಾ.ಕ.: ಟಪಾಲಿನ ವೇಳೆಯಾಯಿತು, ಆದರೂ ಇದನ್ನು ಹೇಳದೆ ಲಕೋಟೆ ಅಂಟಿಸಲಾರೆ. ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿ, "ಅವ್ವಾ, ಆ ಹಸರ ಸೀರಿ ಇನ್ನೂ ಇಟ್ಟೀಯೇನ?" ಎಂದಳು. ಅತ್ತೆಯವರು ಹೋದ ವರ್ಷವೇ ಎಲ್ಲ ಹೇಳಿಬಿಟ್ಟಿದ್ದರಂತೆ. ಆಮೇಲೆ ಅಂದಳು: "ತೊಗಲ ತಗದ್ರೂ ಬಿಟ್ಟಗಲಂಗಿಲ್ಲ ಅಂದ್ನೆಲ್ಲ, ಅದನ್ನ ಆ ಸಾಹೇಬ್ರಿಗೆ ಹೇಳಿದ್ದಲ್ಲ, ಅವ್ವಾ, ನಿನಗ ಹೇಳಿದ್ದು."