ಸೇತುವೆಯ ಪುಟ

ತಾರೀಖು ೧೨, ಸೋಮವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಕೆಲಸ ಜಾಸ್ತಿ ಅಂದರೆ ನೀನು ನಂಬುವುದಿಲ್ಲ. ಬೈಂಡಿಂಗ್ ಅಂಗಡಿಯಲ್ಲಿ ಇನ್ನೂ ಇದ್ದೇನೆ, ಆರು ತಿಂಗಳಾಯಿತು. ನನ್ನ ಮಟ್ಟಿಗೆ ಅದೇ ದಾಖಲೆ.

"ತಾತ ಯಾಕೆ ಎರಡು ಮಾತೂ ಬರೆಸ್ತಿಲ್ಲ?" ಅಂತ ಕೇಳಿದ್ದೀಯ. ತಪ್ಪು ನನ್ನದು.

ಲೈಬ್ರರಿಯಿಂದ ಹೊಲಿಗೆ ಬಿಟ್ಟ ಪುಸ್ತಕಗಳು ಬಂದಿದ್ದವು. ಒಂದು, ತಾತ ಹೋಗಿದ್ದ ಯುದ್ಧದ ಚರಿತ್ರೆ. ನಕ್ಷೆ ತುಂಬ ಕೆಂಪು ಬಾಣ, ನೀಲಿ ಬಾಣ. ಅಂಟು ಹಚ್ಚುವುದು ಬಿಟ್ಟು ಓದುತ್ತಾ ಕೂತೆ. ಯಜಮಾನರು, "ಹತ್ತನೇ ಕ್ಲಾಸಲ್ಲಿ ಹಿಂಗೆ ಓದಿದ್ರೆ ನಂಗ್ಯಾಕೆ ಗಂಟು ಬೀಳ್ತಿದ್ದೆ?" ಅಂದರು. ಅವರನ್ನೇ ಕೇಳಿಕೊಂಡು ಪುಸ್ತಕವನ್ನು ಮನೆಗೇ ತಂದೆ.

ತಾತನಿಗೆ ಕಣ್ಣು ಕಾಣುವುದಿಲ್ಲವಲ್ಲ, ದಿನಾ ಸಂಜೆ ಓದಿ ಹೇಳುತ್ತಿದ್ದೆ. "ಆ ಗುಡ್ಡ ಅಷ್ಟು ಎತ್ತರ ಇರ್ಲಿಲ್ಲ ಕಣೋ, ಬರೆದೋನು ಹತ್ತಿಲ್ಲ" ಅಂತ ನಗುತ್ತಿದ್ದರು.

ಆಮೇಲೆ ಸೇತುವೆ ಬಂತು. ನಿನಗೂ ಗೊತ್ತಲ್ಲ, ಅದನ್ನು ಕಾಯುತ್ತಿದ್ದ ಹನ್ನೆರಡು ಜನಕ್ಕೆ "ಸಂಜೆವರೆಗೂ ತಡೀರಿ, ನಮ್ಮ ಪಡೆ ಬರ್ತಿದೆ" ಅಂತ ಸುದ್ದಿ ಒಯ್ದವರು ತಾತ. ಅವರ ಗೆಳೆಯ ಕುಳ್ಳನೂ ಅಲ್ಲಿದ್ದ. ಒಬ್ಬನೂ ವಾಪಸ್ ಬರಲಿಲ್ಲ. ಪಡೆ ದಾರಿಯಲ್ಲಿ ತಡವಾಯಿತು ಅಂತಲೇ ತಾತ ಇಷ್ಟು ವರ್ಷ ನಂಬಿದ್ದರು.

ಪುಸ್ತಕ ಬೇರೆಯೇ ಹೇಳುತ್ತಿತ್ತು. ಪಡೆ ಬೆಳಿಗ್ಗೆಯೇ ಹಿಂದಕ್ಕೆ ಹೊರಟಿತ್ತು. ಅದು ಕ್ಷೇಮವಾಗಿ ದೂರ ಸೇರಲಿ ಅಂತ ಸೇತುವೆಯವರನ್ನು ಅಲ್ಲೇ ಬಿಟ್ಟಿದ್ದರು. "ಯೋಜನೆ ಫಲಿಸಿತು, ನಷ್ಟ ಅಲ್ಪ" ಅಂತ ಬರೆದಿತ್ತು.

ಜೋರಾಗಿ ಓದಿ, "ಎಂಥಾ ತಲೆ ತಾತ, ಹನ್ನೆರಡು ಜನ ಕೊಟ್ಟು ಸಾವಿರ ಜನ ಉಳಿಸ್ಕೊಂಡ್ರು" ಅಂದುಬಿಟ್ಟೆ.

"ಅಲ್ಪ ಅಂತ ಬರೆದಿದ್ಯಾ?" ಅಂದರು ತಾತ.

ನಕ್ಷೆಯಲ್ಲಿ ಆ ಸೇತುವೆ ಎರಡು ಗೆರೆ ಅಕ್ಕ, ನನ್ನ ಉಗುರಿನಡಿ ಮುಚ್ಚಿಹೋಗುತ್ತದೆ. ಅಷ್ಟು ದಿನ ನಾನು ಬಾಣ ಬರೆದವರ ಪಕ್ಕ ಕೂತು ಯುದ್ಧ ಓದುತ್ತಿದ್ದೆ. ಗೆರೆಯ ಮೇಲೆ ಜನ ನಿಂತಿದ್ದರು ಅನ್ನುವುದು ತಡವಾಗಿ ಹೊಳೆಯಿತು.

ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಕಳಿಸಿದೆ. ನೀನೊಮ್ಮೆ ಬಂದು ಹೋಗು. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಬೈದಾದ ಮೇಲೆ ನನಗೂ ಆಶೀರ್ವಾದ ಮಾಡು.

ನಿನ್ನ ತಮ್ಮ

ತಾ.ಕ.: ಬರೆಯಬೇಕಾದದ್ದನ್ನೇ ಬರೆಯಲಿಲ್ಲ. ಅವತ್ತು ತಾತ, "ಮುಂದಿನ ಪುಟ ನೋಡೋ, ನಮ್ಮ ಪಡೆಯೋರು ಅರ್ಧ ದಾರಿಗಾದ್ರೂ ಬಂದಿದ್ರಾ?" ಅಂತ ಕೇಳಿದರು. ಬಂದಿದ್ದರು ಅಂದಿದ್ದರೆ ಸಾಕಿತ್ತು, ಅವರೇನು ಓದಿ ನೋಡುತ್ತಿದ್ದರೇ? ಯಜಮಾನರಿಗೆ ದಿನಾ ಸುಳ್ಳು ಹೇಳುವ ನಾನು, ಎಲ್ಲ ತಿಳಿದವನ ಹಾಗೆ, "ಹೊರಟೇ ಇರ್ಲಿಲ್ಲ ತಾತ, ನಿಮ್ಮ ಕೈಲಿ ಸುಳ್ಳು ಹೇಳಿಸಿದ್ರು" ಅಂದೆ. ತಾತ, "ಕುಳ್ಳ ಕೇಳಿದ್ದ ಕಣೋ, ನಿಜಾನಾ ಅಂತ" ಅಂದರು. ಆಮೇಲೆ ಮಾತಾಡಿಲ್ಲ.